ಸ್ಮಶಾನದ ಡೆಕ್ ಏಳದಿದ್ದಾಗ: ಒಂದು ದೋಷ ನಿವಾರಣೆ ಕೈಪಿಡಿ

ಮ್ಯಾಜಿಕ್: ದ ಗ್ಯಾದರಿಂಗ್ ಎಂಬ ಕಾರ್ಡಿನ ಆಟದಲ್ಲಿ ಸತ್ತ, ಎಸೆದ ಕಾರ್ಡುಗಳ ರಾಶಿಗೆ ಸ್ಮಶಾನ ಎಂದು ಹೆಸರು; ಅಲ್ಲಿಂದ ದೈತ್ಯರನ್ನು ಎಬ್ಬಿಸಿ ಗೆಲ್ಲಲು ಕಟ್ಟಿದ್ದು ಸ್ಮಶಾನದ ಡೆಕ್. ಅದು ಕೆಟ್ಟಾಗ ಲಕ್ಷಣ ಹೀಗಿರುತ್ತದೆ. ಕೈಯಲ್ಲಿ ಎಂಟು ಮಾನಾ (ಕಾರ್ಡು ಆಡಲು ತೆರುವ ಬೆಲೆ) ಬೇಡುವ ಇಬ್ಬರು ದೈತ್ಯರು, ಮೇಜಿನ ಮೇಲೆ ಆ ಮಾನಾ ಕೊಡುವ ಲ್ಯಾಂಡ್ ಮೂರೇ, ಸ್ಮಶಾನ ಬರಿದು. ಎದುರಿಗಿದ್ದವರು ಒಂದೊಂದು ಮಾನಾದ ಪುಡಿ ಜೀವಿಗಳನ್ನು ಸಾಲಾಗಿ ನಿಲ್ಲಿಸಿ ನಿಮ್ಮ ಇಪ್ಪತ್ತರ ಆಯಸ್ಸನ್ನು ಐದನೆಯ ಸರದಿಗೆ ಸೊನ್ನೆಗೆ ತಂದರು. ನೀವು ಕಾರ್ಡುಗಳನ್ನು ಬಾಚಿಕೊಂಡು "ಇವತ್ತು ಕಾರ್ಡೇ ಬರಲಿಲ್ಲ" ಎನ್ನುತ್ತೀರಿ.

ನಾನೂ ಒಂದು ಮಳೆಗಾಲ ಪೂರ್ತಿ ಇದನ್ನೇ ಹೇಳಿಕೊಂಡು ತಿರುಗಿದೆ. ವಿಜಯನಗರದಲ್ಲಿ ನೇರಳೆ ಮಾರ್ಗದ ಮೆಟ್ರೊ ಹತ್ತಿ ಇಂದಿರಾನಗರದಲ್ಲಿ ಇಳಿಯುವುದು, ಅಲ್ಲಿನ ಬೋರ್ಡ್ ಗೇಮ್ ಕೆಫೆಯೊಂದರಲ್ಲಿ ಮೂರು ಪಂದ್ಯ ಸೋಲುವುದು, ವಾಪಸು ಬರುವಾಗ ಮೆಜೆಸ್ಟಿಕ್ ದಾಟುವುದರೊಳಗೆ ಡೆಕ್ಕನ್ನು ಬಿಚ್ಚಿಹಾಕಲು ತೀರ್ಮಾನಿಸುವುದು. ಇದಕ್ಕೆ ನಮ್ಮಲ್ಲಿ ಮೊದಲಿನಿಂದಲೂ ಒಂದು ಹೆಸರಿದೆ, ಸ್ಮಶಾನ ವೈರಾಗ್ಯ. ಮನೆಗೆ ಬಂದು ಸಾರು ಅನ್ನ ಉಂಡರೆ ಅದು ಇಳಿದುಹೋಗುತ್ತದೆ. ಮರುವಾರ ಮತ್ತೆ ಅವೇ ಅರವತ್ತು ಕಾರ್ಡು, ಅದೇ ಸೋಲು.

ಇದು ಮ್ಯಾಜಿಕ್: ದ ಗ್ಯಾದರಿಂಗ್ ಆಡುವವರಿಗಾಗಿ ಬರೆದದ್ದು. ಮೂಲ ನಿಯಮಗಳು ನಿಮಗೆ ಗೊತ್ತಿವೆ ಎಂದುಕೊಂಡಿದ್ದೇನೆ. ನಮ್ಮ ಗುಂಪಿನಲ್ಲಿ ಹಳೆಯ ಕಾರ್ಡುಗಳಿಗೆ ಅಡ್ಡಿಯಿಲ್ಲದ ಕಾರಣ ಉದಾಹರಣೆಗಳನ್ನೆಲ್ಲ ಅಲ್ಲಿಂದಲೇ ಆರಿಸಿಕೊಂಡಿದ್ದೇನೆ. ಅಧಿಕೃತ ಟೂರ್ನಿಗೆ ಹೋಗುವವರು ಆಯಾ ಮಾದರಿಯ ನಿಷೇಧಪಟ್ಟಿಯನ್ನು ಮೊದಲು ನೋಡಿಕೊಳ್ಳಲಿ. ಆ ಪಟ್ಟಿಯ ಒಳಗೂ ಹೊರಗೂ ಸ್ಮಶಾನದ ಕಾರ್ಡುಗಳ ಓಡಾಟ ಜಾಸ್ತಿ. ಗೋಲ್ಗಾರಿ ಗ್ರೇವ್ ಟ್ರೋಲ್ ಮಾಡರ್ನ್ ಮಾದರಿಯಲ್ಲಿ 2011ರಿಂದ ನಿಷೇಧದಲ್ಲಿತ್ತು, 2015ರಲ್ಲಿ ಬಿಡುಗಡೆಯಾಯಿತು, 2017ರಲ್ಲಿ ಮತ್ತೆ ಒಳಗೆ ಹೋಯಿತು. ಫೇತ್‌ಲೆಸ್ ಲೂಟಿಂಗ್ ಅದೇ ಮಾದರಿಯಲ್ಲಿ 2019ರ ಆಗಸ್ಟ್‌ನಲ್ಲಿ ಸತ್ತು 2024ರ ಡಿಸೆಂಬರ್‌ನಲ್ಲಿ ಎದ್ದು ಕುಳಿತಿತು.

ಪದಗಳ ಬಗ್ಗೆ ಒಂದು ಮಾತು. ಮೇಜಿನ ಸುತ್ತ ನಾವೆಲ್ಲ ಗ್ರೇವ್‌ಯಾರ್ಡ್ ಎನ್ನುತ್ತೇವೆ, ಇಲ್ಲಿ ಸ್ಮಶಾನ ಎಂದು ಬರೆಯುತ್ತಿದ್ದೇನೆ. ಮನೆಯಲ್ಲಿ ಎರಡನ್ನೂ ಬಳಸುವಂತಿಲ್ಲ. ದೀಪ ಹಚ್ಚುವ ಹೊತ್ತಿನಲ್ಲಿ ಫೋನಿನಲ್ಲಿ "ನನ್ನ ಸ್ಮಶಾನ ತುಂಬಿದೆ, ಇನ್ನು ಎಬ್ಬಿಸುವುದೊಂದೇ ಬಾಕಿ" ಎಂದದ್ದು ಅಮ್ಮನ ಕಿವಿಗೆ ಬಿದ್ದಂದಿನಿಂದ ಅದರ ಹೆಸರು ಗುಡ್ಡೆ.

ಯಂತ್ರ ಸರಿಯಾಗಿದ್ದರೆ ಹೇಗಿರುತ್ತದೆ

ಕೆಟ್ಟದ್ದನ್ನು ಹುಡುಕುವ ಮೊದಲು ಸರಿಯಾಗಿರುವುದು ಹೇಗೆ ಓಡುತ್ತದೆ ಎಂದು ಒಮ್ಮೆ ಕಣ್ಣಾರೆ ನೋಡಬೇಕು. ಈ ಡೆಕ್ಕಿನಲ್ಲಿ ಮೂವರು ಕೆಲಸದವರಿದ್ದಾರೆ: ಹೆಣವನ್ನು ಸ್ಮಶಾನಕ್ಕೆ ಇಳಿಸುವವನು, ಅದನ್ನು ಎಬ್ಬಿಸುವವನು, ಮತ್ತು ಆ ಹೆಣ, ಅಂದರೆ ದುಬಾರಿ ದೈತ್ಯ.

ಎರಡನೆಯ ಸರದಿ ಎನ್ನಿ. ನಿಮ್ಮ ಎದುರು ಎರಡು ಕಪ್ಪು ಲ್ಯಾಂಡ್. ಮೊದಲನೆಯದನ್ನು ಅಡ್ಡ ತಿರುಗಿಸಿ ಎಂಟೂಮ್ ಆಡಿದಿರಿ. 2001ರ ಒಡಿಸ್ಸಿ ಎಂಬ ಕಾರ್ಡು ಸರಣಿಯಲ್ಲಿ ಬಂದ ಈ ಕಾರ್ಡು ಲೈಬ್ರರಿಯೊಳಗಿನ (ಇನ್ನೂ ಎಳೆಯದ ಕಾರ್ಡುಗಳ ಕಟ್ಟಿನೊಳಗಿನ) ಯಾವುದೇ ಒಂದು ಕಾರ್ಡನ್ನು ಹುಡುಕಿ ನೇರವಾಗಿ ಸ್ಮಶಾನಕ್ಕೆ ಹಾಕುತ್ತದೆ. ನೀವು ಹಾಕಿದ್ದು ಗ್ರಿಸೆಲ್‌ಬ್ರ್ಯಾಂಡ್: ಎಂಟು ಮಾನಾ, ಏಳಕ್ಕೆ ಏಳು (ಏಳು ಪೆಟ್ಟು ಕೊಡುತ್ತದೆ, ಏಳು ತಿಂದರೆ ಸಾಯುತ್ತದೆ), ಹಾರುತ್ತದೆ, ಹೊಡೆದಷ್ಟು ಆಯಸ್ಸು ಮರಳಿಸುತ್ತದೆ. ಎರಡನೆಯ ಲ್ಯಾಂಡ್ ತಿರುಗಿಸಿ ರೀಆನಿಮೇಟ್ ಆಡಿದಿರಿ. ಇದು 1997ರ ಟೆಂಪೆಸ್ಟ್‌ನದು, ಬೆಲೆ ಒಂದೇ ಕಪ್ಪು ಮಾನಾ. ಯಾವುದಾದರೂ ಸ್ಮಶಾನದಲ್ಲಿರುವ ಒಂದು ಜೀವಿಯನ್ನು ನಿಮ್ಮ ಕಡೆಗೆ ಎಬ್ಬಿಸುತ್ತದೆ, ಅದರ ಮಾನಾ ಬೆಲೆಯಷ್ಟು ಆಯಸ್ಸನ್ನು ನಿಮ್ಮಿಂದ ಕಿತ್ತುಕೊಳ್ಳುತ್ತದೆ. ("ಯಾವುದಾದರೂ" ಎಂಬ ಪದ ನೆನಪಿರಲಿ, ಅದರಿಂದ ನಾನು ಪೆಟ್ಟು ತಿಂದಿದ್ದೇನೆ.) ಇಪ್ಪತ್ತರಲ್ಲಿ ಎಂಟು ಹೋಗಿ ಹನ್ನೆರಡು ಉಳಿಯಿತು. ಗ್ರಿಸೆಲ್‌ಬ್ರ್ಯಾಂಡ್ ಈ ಸರದಿಯಲ್ಲಿ ದಾಳಿ ಮಾಡಲಾರದು, ಆದರೆ ಏಳು ಆಯಸ್ಸು ತೆತ್ತು ಏಳು ಕಾರ್ಡು ಎಳೆಯುವ ಅದರ ಶಕ್ತಿಗೆ ಕಾಯಬೇಕಾಗಿಲ್ಲ. ತೆತ್ತಿರಿ, ಐದು ಉಳಿಯಿತು, ಕೈ ತುಂಬಿತು. ಮುಂದಿನ ಸರದಿಯಲ್ಲಿ ಒಂದು ಪೆಟ್ಟು ಕೊಟ್ಟರೆ ಮತ್ತೆ ಹನ್ನೆರಡು. ಎಂಟು ಮಾನಾದ ಕೆಲಸ ಎರಡರಲ್ಲಿ ಮುಗಿಯಿತು.

ಈ ಮೂವರಲ್ಲಿ ಒಬ್ಬ ರಜೆ ಹಾಕಿದರೂ ಉಳಿದಿಬ್ಬರು ಸುಮ್ಮನೆ ಕೂರುತ್ತಾರೆ. ಸೋತಾಗ ಕೇಳಿಕೊಳ್ಳಬೇಕಾದದ್ದು ಅಂದು ರಜೆ ಹಾಕಿದವನು ಯಾರು ಎಂದು. ನಾನೋ, ಪ್ರತಿ ಸೋಲಿನ ನಂತರ ಇನ್ನೊಂದು ದುಬಾರಿ ದೈತ್ಯನನ್ನು ಕೊಂಡು ತುಂಬುತ್ತಿದ್ದೆ.

ಎದುರಾಳಿ ಇಲ್ಲದೆ ಮೊದಲ ಪರೀಕ್ಷೆ

ಊಟದ ಮೇಜನ್ನು ಖಾಲಿ ಮಾಡಿ. ಒಂದು ನೋಟುಪುಸ್ತಕದಲ್ಲಿ ಮೂರು ಅಂಕಣ ಎಳೆಯಿರಿ: ಇಳಿಸು, ಎಬ್ಬಿಸು, ಹೆಣ. ಡೆಕ್ ಕಲಸಿ ಏಳು ಕಾರ್ಡು ತೆಗೆದು ಒಬ್ಬರೇ ಆಡಿ. ಎದುರಿನವರು ಏನೂ ಮಾಡುತ್ತಿಲ್ಲ ಎಂದುಕೊಳ್ಳಿ. ದೈತ್ಯ ಎದ್ದ ಸರದಿಯ ಸಂಖ್ಯೆ ಬರೆಯಿರಿ. ನಾಲ್ಕನೆಯ ಸರದಿಯವರೆಗೂ ಏಳದಿದ್ದರೆ, ಯಾವುದು ಬರಲಿಲ್ಲವೋ ಆ ಅಂಕಣದಲ್ಲಿ ಒಂದು ಗೀಟು ಹಾಕಿ, ಕಾರ್ಡು ಎತ್ತಿ ಮತ್ತೆ ಕಲಸಿ. ಇಪ್ಪತ್ತು ಸಲ ಮಾಡಲು ಒಂದು ಭಾನುವಾರದ ಮಧ್ಯಾಹ್ನ ಸಾಕು.

ಎದುರಿಗೆ ಯಾರೂ ಇಲ್ಲದಾಗಲೇ ಡೆಕ್ ಏಳುತ್ತಿಲ್ಲವಾದರೆ ದೋಷ ಕಟ್ಟುವಿಕೆಯಲ್ಲಿದೆ. ಒಬ್ಬರೇ ಆಡುವಾಗ ಎದ್ದು, ಎದುರಾಳಿಯ ಮುಂದೆ ಮೊದಲ ಆಟದಲ್ಲೇ ಮಲಗಿದರೆ ದೋಷ ಆಡುವ ಕ್ರಮದಲ್ಲಿ. ಮೊದಲ ಆಟ ಗೆದ್ದು, ಸೈಡ್‌ಬೋರ್ಡ್ (ಆಟಗಳ ನಡುವೆ ಬದಲಿಸಿಕೊಳ್ಳುವ ಮೀಸಲು ಕಾರ್ಡುಗಳು) ಬಂದ ಮೇಲೆ ಎರಡನೆಯದರಿಂದ ಸೋಲುತ್ತಾ ಹೋದರೆ ಮಾತ್ರ ಸ್ಮಶಾನ ವಿರೋಧಿ ಕಾರ್ಡುಗಳನ್ನು ದೂರಬಹುದು. ನಾನು ತಿಂಗಳುಗಟ್ಟಲೆ ಆ ಮೂರನೆಯ ಕಾರಣವನ್ನೇ ದೂರಿದೆ, ಮೂರು ತರಹದ ಪರಿಹಾರದ ಕಾರ್ಡು ಕೊಂಡೆ. ನೋಟುಪುಸ್ತಕದಲ್ಲಿ ನೋಡಿದರೆ ಗೀಟುಗಳೆಲ್ಲ "ಇಳಿಸು" ಅಂಕಣದಲ್ಲಿ ಬೇಲಿಯಂತೆ ನಿಂತಿದ್ದವು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಹೆಣ ಕೈಯಲ್ಲೇ ಕೊಳೆಯುತ್ತಿದೆ

ಎಲ್ಲಕ್ಕಿಂತ ಸಾಮಾನ್ಯ ದೋಷ ಇದು, ಹಾಗಾಗಿ ಸ್ವಲ್ಪ ನಿಂತು ನೋಡೋಣ.

ನನ್ನ ಮೊದಲ ಡೆಕ್ಕಿನಲ್ಲಿ ಇಳಿಸುವ ಕಾರ್ಡು ನಾಲ್ಕು, ಎಬ್ಬಿಸುವುದು ಎಂಟು, ಹೆಣ ಹದಿಮೂರು. ಹದಿಮೂರು ಏಕೆ ಎಂದು ಕೇಳಬೇಡಿ, ಚಿತ್ರ ಚೆನ್ನಾಗಿದ್ದವು. ಈಗ ಲೆಕ್ಕ. ಅರವತ್ತರಲ್ಲಿ ನಾಲ್ಕು ಪ್ರತಿ ಇರುವ ಕಾರ್ಡು ಮೊದಲ ಏಳರಲ್ಲಿ ಒಂದಾದರೂ ಬರುವ ಸಾಧ್ಯತೆ ಶೇ 40. ಎಂಟು ಪ್ರತಿ ಇದ್ದರೆ ಶೇ 65, ಹನ್ನೆರಡಿದ್ದರೆ ಶೇ 81. ಆದರೆ ನಮಗೆ ಎರಡು ಬಗೆಯೂ ಒಟ್ಟಿಗೆ ಬೇಕು. ನಾಲ್ಕು ಮತ್ತು ಎಂಟರ ಡೆಕ್ಕಿನಲ್ಲಿ ಎರಡೂ ಕೈಗೆ ಬರುವ ಸಾಧ್ಯತೆ ಶೇ 24 ಮಾತ್ರ. ನಾಲ್ಕು ಕೈಗಳಲ್ಲಿ ಮೂರು ಹುಟ್ಟುವಾಗಲೇ ಸತ್ತಿದ್ದವು. ಇಳಿಸುವುದನ್ನು ಎಂಟಕ್ಕೆ, ಎಬ್ಬಿಸುವುದನ್ನು ಹನ್ನೆರಡಕ್ಕೆ ಏರಿಸಿದರೆ ಅದೇ ಸಂಖ್ಯೆ ಶೇ 51 ಆಗುತ್ತದೆ. ಕೆಟ್ಟ ಕೈಯನ್ನು ಕಲಸಿ ಹೊಸದು ತೆಗೆಯಲು 2019ರಿಂದ ಜಾರಿಯಲ್ಲಿರುವ ಲಂಡನ್ ಮಲ್ಲಿಗನ್ ನಿಯಮದಲ್ಲಿ ಎರಡನೆಯ ಸಲವೂ ಏಳು ಕಾರ್ಡು ನೋಡಿ ಆಮೇಲೆ ಒಂದನ್ನು ಲೈಬ್ರರಿಯ ತಳಕ್ಕೆ ಹಾಕುತ್ತೀರಿ. ಎರಡು ಪ್ರಯತ್ನ ಸೇರಿದರೆ ನಾಲ್ಕರಲ್ಲಿ ಮೂರು ಸಲ ಕೆಲಸ ಆಗುತ್ತದೆ. ಆರು ಕಾರ್ಡಿಗೆ ಇಳಿಯುವುದು ಬೇರೆ ಡೆಕ್ಕುಗಳಿಗೆ ಗಾಯ, ನಮಗೆ ತರಚು. ನಮಗೆ ಬೇಕಾದದ್ದು ಮೂರು ಕಾರ್ಡು ಮತ್ತು ಎರಡು ಲ್ಯಾಂಡ್ ಅಷ್ಟೇ.

ಕಪ್ಪು ಕೆಂಪಿನ ಡೆಕ್ಕಿಗೆ ನಾನು ಈಗ ಹಾಕುವ ಅಸ್ಥಿಪಂಜರ: ಹದಿನೇಳು ಲ್ಯಾಂಡ್, ನಾಲ್ಕು ಡಾರ್ಕ್ ರಿಚುವಲ್, ನಾಲ್ಕು ಎಂಟೂಮ್, ನಾಲ್ಕು ಫೇತ್‌ಲೆಸ್ ಲೂಟಿಂಗ್, ಎಬ್ಬಿಸಲು ರೀಆನಿಮೇಟ್, ಎಕ್ಸ್‌ಹ್ಯೂಮ್, ಅನಿಮೇಟ್ ಡೆಡ್ ತಲಾ ನಾಲ್ಕು, ಹೆಣ ಏಳು, ಥಾಟ್‌ಸೀಜ್ ನಾಲ್ಕು. ಉಳಿದ ಎಂಟು ಜಾಗ ನಿಮ್ಮ ಮನೆಯ ಅಡುಗೆ.

ಲೂಟಿಂಗ್ ಬಗ್ಗೆ ಎಚ್ಚರ. ಅದು ಎರಡು ಎಳೆದು ಎರಡು ಎಸೆಯಲು ಹೇಳುತ್ತದೆ, ಎಸೆಯಲು ಕೈಯಲ್ಲಿ ಹೆಣ ಇರಬೇಕು. ಎಂಟೂಮ್‌ಗೆ ಆ ಹಂಗಿಲ್ಲ. ಆದ್ದರಿಂದ ಕೈಯಲ್ಲಿರುವುದು ಎಂಟೂಮೋ ಲೂಟಿಂಗೋ ಎಂಬುದರ ಮೇಲೆ ಕೈ ಇಟ್ಟುಕೊಳ್ಳಬೇಕೋ ಬಿಡಬೇಕೋ ನಿಂತಿದೆ. ಲೂಟಿಂಗ್ ಮತ್ತು ರೀಆನಿಮೇಟ್ ಇದ್ದು ಹೆಣವಿಲ್ಲದ ಕೈ ಚೆಂದ ಕಾಣುತ್ತದೆ, ಆಮೇಲೆ ಮೋಸ ಮಾಡುತ್ತದೆ.

ಇನ್ನು ಡೆಕ್ಕಿನಲ್ಲಿ ಈಗಾಗಲೇ ಇದ್ದೂ ಕಣ್ಣಿಗೆ ಬೀಳದ ಎರಡು ದಾರಿ. ಒಂದು, ಥಾಟ್‌ಸೀಜ್ ಎದುರಾಳಿಗೇ ಆಗಬೇಕೆಂದಿಲ್ಲ. ಅದು ಒಬ್ಬ ಆಟಗಾರನ ಕೈ ತೋರಿಸಿ ಲ್ಯಾಂಡ್ ಅಲ್ಲದ ಒಂದು ಕಾರ್ಡನ್ನು ಎಸೆಯಿಸುತ್ತದೆ; ಆ ಆಟಗಾರ ನೀವೇ ಆಗಬಹುದು. ಎರಡು ಆಯಸ್ಸಿಗೆ ಹೆಣ ಕೆಳಗೆ. ಎರಡು, ನೀವು ಎರಡನೆಯವರಾಗಿ ಆಡುತ್ತಿದ್ದರೆ ಮೊದಲ ಸರದಿಯಲ್ಲಿ ಒಂದು ಎಳೆದಾಗ ಕೈಯಲ್ಲಿ ಎಂಟು ಕಾರ್ಡು. ಲ್ಯಾಂಡ್ ಕೂಡ ಇಡದೆ ಸರದಿ ಮುಗಿಸಿ. ಏಳಕ್ಕಿಂತ ಹೆಚ್ಚಿದ್ದದ್ದನ್ನು ಕೊನೆಯಲ್ಲಿ ಎಸೆಯಲೇಬೇಕು, ಗ್ರಿಸೆಲ್‌ಬ್ರ್ಯಾಂಡ್ ಎಸೆಯಿರಿ. ಮುಂದಿನ ಸರದಿಯಲ್ಲಿ ಲ್ಯಾಂಡ್ ಒಂದು, ರೀಆನಿಮೇಟ್ ಒಂದು. ಇಳಿಸುವ ಕಾರ್ಡೇ ಬೇಕಾಗಲಿಲ್ಲ. ಇದನ್ನು ನನಗೆ ತೋರಿಸಿಕೊಟ್ಟದ್ದು ಹದಿನೈದು ವರ್ಷದ ಒಬ್ಬ ಹುಡುಗ, ನನ್ನನ್ನು ಸೋಲಿಸುತ್ತಲೇ.

ಸ್ಮಶಾನ ತುಂಬಿದೆ, ಯಾರೂ ಏಳುತ್ತಿಲ್ಲ

ಇದು ಲೈಬ್ರರಿಯ ಮೇಲಿನಿಂದ ಕಾರ್ಡುಗಳನ್ನು ಸುರಿಯುವ ಡೆಕ್ಕುಗಳ ಕಾಯಿಲೆ. ಸ್ಟಿಚರ್ಸ್ ಸಪ್ಲೈಯರ್ ಬಂದಾಗ ಮೂರು, ಸತ್ತಾಗ ಮೂರು ಸುರಿಯುತ್ತದೆ. ಸ್ಮಶಾನ ದಪ್ಪವಾಗುವುದನ್ನು ನೋಡಲು ಸಂತೋಷ. ಆದರೆ ಸುರಿಯುವುದು ಬೇರೆ, ಆರಿಸುವುದು ಬೇರೆ. ಸುರಿದಾಗ ಎಬ್ಬಿಸುವ ಮಂತ್ರಗಳೂ ಜೊತೆಯಲ್ಲಿ ಬೀಳುತ್ತವೆ, ಬಿದ್ದ ರೀಆನಿಮೇಟ್ ಬರೀ ರದ್ದಿ. "ಅಯ್ಯೋ, ನನಗೆ ಬರಬೇಕಾದ ಒಳ್ಳೆಯ ಕಾರ್ಡು ಸುರಿದುಹೋಯಿತು" ಎಂದು ಮರುಗುವುದು ಮಾತ್ರ ವ್ಯರ್ಥ. ಮುಖ ಕಾಣದ ಲೈಬ್ರರಿಯಲ್ಲಿ ಮೇಲಿನ ಕಾರ್ಡೂ ಕೆಳಗಿನ ಕಾರ್ಡೂ ಒಂದೇ. ಮೂರು ಸುರಿದರೂ ಸುರಿಯದಿದ್ದರೂ ಮುಂದಿನ ಎಳೆತದ ಸಾಧ್ಯತೆ ಸರಾಸರಿಯಲ್ಲಿ ಬದಲಾಗುವುದಿಲ್ಲ.

ಪರಿಹಾರ ಎರಡು ಬಗೆ. ಸುರಿಯಲೇಬೇಕೆಂದರೆ ಸ್ಮಶಾನದಿಂದಲೇ ಕೆಲಸ ಮಾಡುವ ಕಾರ್ಡುಗಳನ್ನು ತುಂಬಿ: ಒಡಿಸ್ಸಿಯಲ್ಲಿ ಹುಟ್ಟಿದ ಫ್ಲ್ಯಾಶ್‌ಬ್ಯಾಕ್, 2008ರ ಅನ್‌ಅರ್ತ್, 2020ರ ಎಸ್ಕೇಪ್ ಬಗೆಯವು. ಬೀಳುವುದೇ ಅವಕ್ಕೆ ಕೈಗೆ ಬಂದಂತೆ. ಇಲ್ಲವೇ ಸುರಿಯುವುದನ್ನು ಬಿಟ್ಟು ಆರಿಸಿ ಇಳಿಸುವ ಕಾರ್ಡುಗಳಿಗೆ ಹೋಗಿ. ಎರಡೂ ಅರ್ಧರ್ಧ ಇರಲಿ ಎಂದರೆ ಯಾವುದೂ ಪೂರ್ತಿಯಾಗುವುದಿಲ್ಲ. ನಾನು ಈ ಎಡವಟ್ಟನ್ನು ಎರಡು ಸಲ ಮಾಡಿದ್ದೇನೆ.

ಎಬ್ಬಿಸಬಾರದ ಹೆಣ

ಒಂದು ಸಂಜೆ ನಮ್ಮ ಗುಂಪಿಗೆ ಹೊಸದಾಗಿ ಸೇರಿದ ಗೆಳೆಯನೊಬ್ಬ ಮೂರನೆಯ ಸರದಿಯಲ್ಲೇ ಭರ್ಜರಿಯಾಗಿ ಫೇಜ್ ದ ಅನ್‌ಟಚಬಲ್ ಅನ್ನು ಎಬ್ಬಿಸಿದ. 2003ರ ಲೀಜನ್ಸ್‌ನ ಕಾರ್ಡು, ಏಳು ಮಾನಾ, ಮುಟ್ಟಿದ ಆಟಗಾರ ಸೋತಂತೆ. ಅವನು ಮುಗುಳ್ನಕ್ಕ. ನಾವೆಲ್ಲ ಕಾರ್ಡಿನ ಮೊದಲ ಸಾಲನ್ನು ಓದಲು ಹೇಳಿದೆವು. ಕೈಯಿಂದ ಆಡದೆ ಬೇರೆ ದಾರಿಯಿಂದ ಫೇಜ್ ಮೇಜಿಗೆ ಬಂದರೆ, ತಂದವನೇ ಆಟ ಸೋಲುತ್ತಾನೆ. ಅವನ ಮುಗುಳ್ನಗೆ ಹಾಗೇ ಉಳಿಯಿತು, ಅದರ ಅರ್ಥ ಮಾತ್ರ ಬದಲಾಯಿತು.

ಹೆಣವನ್ನು ಆರಿಸುವಾಗ ಚಿತ್ರವನ್ನಲ್ಲ, ಸಾಲುಗಳನ್ನು ಓದಬೇಕು. "ಆಡಿದಾಗ" ಎಂದು ಶುರುವಾಗುವ ಶಕ್ತಿ ನಮಗೆ ದಕ್ಕುವುದಿಲ್ಲ. 2015ರ ಉಲಾಮಾಗ್ ದ ಸೀಸ್‌ಲೆಸ್ ಹಂಗರ್ ಆಡಿದಾಗ ಎರಡು ವಸ್ತುಗಳನ್ನು ಆಟದಿಂದಲೇ ಅಟ್ಟುತ್ತದೆ; ಎಬ್ಬಿಸಿದಾಗ ಆ ಕೆಲಸ ಇಲ್ಲ. "ಬಂದಾಗ" ಎಂದಿದ್ದರೆ ದಕ್ಕುತ್ತದೆ. ಬೆಲೆಯಲ್ಲಿ ಎಕ್ಸ್ ಇರುವ ಹೈಡ್ರಾಗಳು ಎದ್ದಾಗ ಎಕ್ಸ್ ಎಂದರೆ ಸೊನ್ನೆ. ಬಹುತೇಕ ಹೈಡ್ರಾಗಳು ಎದ್ದ ಕ್ಷಣವೇ ಮತ್ತೆ ಸ್ಮಶಾನಕ್ಕೆ ಹೋಗುತ್ತವೆ.

ಸ್ಮಶಾನಕ್ಕೆ ಹೋಗಲು ಒಪ್ಪದ ಜೀವಿಗಳೂ ಇವೆ, ಅವುಗಳಲ್ಲಿ ಎರಡು ಜಾತಿ. ಬ್ಲೈಟ್‌ಸ್ಟೀಲ್ ಕೊಲೋಸಸ್ ಮತ್ತು ಪ್ರೊಜೆನಿಟಸ್ ಸ್ಮಶಾನಕ್ಕೆ ಹೋಗುವ ಬದಲು ಲೈಬ್ರರಿಗೆ ಮರಳುತ್ತವೆ. "ಬದಲು" ಎಂದರೆ ಒಂದು ಕ್ಷಣವೂ ಅಲ್ಲಿ ಮಲಗುವುದಿಲ್ಲ. ಅವುಗಳ ಮೇಲೆ ಎಂಟೂಮ್ ಖರ್ಚು ಮಾಡುವುದು ಎಂದರೆ ಒಂದು ಮಾನಾ ಕೊಟ್ಟು ಲೈಬ್ರರಿ ಕಲಸಿದಂತೆ. ಎಮ್ರಾಕುಲ್ ದ ಈಯಾನ್ಸ್ ಟಾರ್ನ್ ಹಾಗಲ್ಲ. ಅದು ಬೀಳುತ್ತದೆ, ಬಿದ್ದ ಮೇಲೆ ಮರಳಿಸುವ ಆಜ್ಞೆ ಸ್ಟ್ಯಾಕ್‌ಗೆ (ಜಾರಿಗೆ ಕಾಯುವ ಸಾಲಿಗೆ) ಏರುತ್ತದೆ, ಆ ಆಜ್ಞೆ ಜಾರಿಯಾಗುವ ಮೊದಲು ಒಂದು ಕಿಟಕಿ ತೆರೆದಿರುತ್ತದೆ. ಆ ಸಂದಿನಲ್ಲಿ ಗೋರಿಯೋಸ್ ವೆಂಜೆನ್ಸ್‌ನಂಥ ಇನ್‌ಸ್ಟಂಟ್ (ಯಾರ ಸರದಿಯಲ್ಲಾದರೂ ನಡುವೆ ಆಡಬಹುದಾದ ಮಂತ್ರ) ಆಡಿದರೆ ಎಮ್ರಾಕುಲ್ ಎದ್ದು ಅದೇ ಸರದಿಯಲ್ಲಿ ದಾಳಿ ಮಾಡುತ್ತದೆ. ರೀಆನಿಮೇಟ್ ಸಾರ್ಸರಿ, ಅಂದರೆ ನಿಮ್ಮ ಸರದಿಯಲ್ಲಿ ಸ್ಟ್ಯಾಕ್ ಖಾಲಿಯಿದ್ದಾಗ ಮಾತ್ರ ಆಡುವ ಮಂತ್ರ; ಆ ಕಿಟಕಿಯಲ್ಲಿ ಅದು ತೂರುವುದಿಲ್ಲ.

ಏಳೂ ಹೆಣ ಒಂದೇ ಬಗೆಯದಾಗಿರುವುದೂ ದೋಷವೇ. ಎದುರಾಳಿಯ ಬಳಿ ಸ್ವೋರ್ಡ್ಸ್ ಟು ಪ್ಲೋಶೇರ್ಸ್ ಇದೆ ಎನ್ನಿ, ಒಂದು ಮಾನಾಕ್ಕೆ ಜೀವಿಯನ್ನು ಎಕ್ಸೈಲ್ ಮಾಡುತ್ತದೆ, ಅಂದರೆ ಸ್ಮಶಾನಕ್ಕೂ ಬಿಡದೆ ಆಟದಿಂದಲೇ ಅಟ್ಟುತ್ತದೆ. ಗ್ರಿಸೆಲ್‌ಬ್ರ್ಯಾಂಡ್ ಆದರೆ ಹೋಗುವ ಮುನ್ನ ಏಳು ಕಾರ್ಡು ಕೊಟ್ಟು ಹೋಗುತ್ತದೆ. ಆದರೆ ಎದುರಿಗೆ ಮಿಂಚು ಬೆಂಕಿಯ ಕೆಂಪು ಡೆಕ್ ಇದ್ದು ನಿಮ್ಮ ಆಯಸ್ಸು ಆಗಲೇ ಹತ್ತಕ್ಕೆ ಬಂದಿದ್ದರೆ, ರೀಆನಿಮೇಟ್ ಎಂಟು ಕಿತ್ತುಕೊಂಡ ಮೇಲೆ ಉಳಿಯುವ ಎರಡನ್ನು ಮೂರು ಪೆಟ್ಟಿನ ಒಂದು ಲೈಟ್ನಿಂಗ್ ಬೋಲ್ಟ್ ಮುಗಿಸುತ್ತದೆ. ಅಲ್ಲಿ ಅನಿಮೇಟ್ ಡೆಡ್‌ನಿಂದ ಆರ್ಕಾನ್ ಆಫ್ ಕ್ರುಯೆಲ್ಟಿ ಎಬ್ಬಿಸುವುದು ಮೇಲು. ಆಯಸ್ಸು ತೆರಬೇಕಿಲ್ಲ, ಬಂದ ಕೂಡಲೇ ಅವರ ಒಂದು ಜೀವಿ, ಒಂದು ಕಾರ್ಡು, ಮೂರು ಆಯಸ್ಸು ಹೋಗಿ ನಿಮಗೆ ಒಂದು ಕಾರ್ಡು, ಮೂರು ಆಯಸ್ಸು ಬರುತ್ತದೆ.

ಹೊಸ ಹೆಣ ಕೊಳ್ಳುವ ಮೊದಲು ಒಂದು ಬೇಸಿಕ್ ಲ್ಯಾಂಡ್ ಕಾರ್ಡಿನ ಮೇಲೆ ಚೀಟಿ ಅಂಟಿಸಿ ಹೆಸರು ಬರೆದು ಮನೆಯಲ್ಲಿ ಇಪ್ಪತ್ತು ಆಟ ಆಡಿ ನೋಡಿ. ಟೂರ್ನಿಗೆ ಚೀಟಿ ನಡೆಯುವುದಿಲ್ಲ, ಊಟದ ಮೇಜಿಗೆ ಧಾರಾಳವಾಗಿ ನಡೆಯುತ್ತದೆ.

ಒಬ್ಬರೇ ಆಡಿದರೆ ಏಳುತ್ತದೆ, ಎದುರಿಗೆ ಜನ ಕೂತರೆ ಏಳುವುದಿಲ್ಲ

ಹೊರಗೆ ಜೋರು ಮಳೆ, ಕಿಟಕಿಯ ಪಕ್ಕದ ಮೇಜು. ನನ್ನ ಎದುರಿಗಿದ್ದವರ ಕಡೆ ಒಂದು ಪುಟ್ಟ ಕಾರ್ಡು ಆರಂಭದಿಂದ ಸುಮ್ಮನೆ ಕೂತಿತ್ತು: ಟಾರ್ಮಾಡ್ಸ್ ಕ್ರಿಪ್ಟ್. 1994ರ ದ ಡಾರ್ಕ್‌ನಿಂದ ಬಂದದ್ದು, ಬೆಲೆ ಸೊನ್ನೆ. ಅದನ್ನು ತಿರುಗಿಸಿ ಬಲಿಕೊಟ್ಟರೆ ಒಬ್ಬ ಆಟಗಾರನ ಇಡೀ ಸ್ಮಶಾನ ಎಕ್ಸೈಲ್. ನಾನು ಎಂಟೂಮ್ ಆಡಿದೆ, ಅವರು ಕಾಫಿ ಕುಡಿದರು. ನಾನು ರೀಆನಿಮೇಟ್ ಆಡಿ ಗ್ರಿಸೆಲ್‌ಬ್ರ್ಯಾಂಡ್ ಕಡೆಗೆ ಬೆರಳು ತೋರಿಸಿದೆ. ಅವರು ಲೋಟ ಕೆಳಗಿಟ್ಟು ಕ್ರಿಪ್ಟನ್ನು ತಿರುಗಿಸಿದರು. ಟಾರ್ಗೆಟ್ ಇಲ್ಲದ ರೀಆನಿಮೇಟ್ ಏನೂ ಮಾಡದೆ ಹೋಯಿತು. ಎಂಟು ಆಯಸ್ಸು ಉಳಿಯಿತು ಎಂಬುದೊಂದೇ ಸಮಾಧಾನ. ಎರಡು ಕಾರ್ಡು, ಒಂದು ಹೆಣ ಹೋದದ್ದು ಅವರ ಸೊನ್ನೆ ಮಾನಾದ ಒಂದು ಕಾರ್ಡಿಗೆ.

ದೋಷ ಡೆಕ್ಕಿನದಲ್ಲ. ಮೇಜಿನ ಮೇಲೆ ಬೆಳಕಿನಲ್ಲಿ ಕೂತಿದ್ದ ಕಾರ್ಡನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ, ಅಷ್ಟೇ. ಕ್ರಿಪ್ಟ್ ಒಂದೇ ಸಲ ಉರಿಯುವ ಬೆಂಕಿಕಡ್ಡಿ, ಅದನ್ನು ಸಣ್ಣದಕ್ಕೆ ಉರಿಸುವಂತೆ ಮಾಡಬೇಕು. ಲೂಟಿಂಗ್‌ನಿಂದ ಒಂದು ಹೆಣ ಎಸೆದು ಅನಿಮೇಟ್ ಡೆಡ್ ಆಡಿ. ಅವರು ಉರಿಸಿದರೆ ಎಂಟೂಮ್ ಮತ್ತು ರೀಆನಿಮೇಟ್ ಇನ್ನೂ ನಿಮ್ಮ ಕೈಯಲ್ಲಿವೆ. ಉರಿಸದಿದ್ದರೆ ಆ ಹೆಣವೇ ಎದ್ದಿತು. ಎಂಟೂಮ್ ಇನ್‌ಸ್ಟಂಟ್ ಎಂಬುದನ್ನೂ ಮರೆಯಬೇಡಿ. ಅವರ ಸರದಿಯ ಕೊನೆಯವರೆಗೆ ಕಾದು ಆಡಿದರೆ ನಿಮ್ಮ ಯೋಜನೆ ಕೊನೆಯ ಗಳಿಗೆಯವರೆಗೆ ಮುಚ್ಚಿರುತ್ತದೆ, ನಿಮ್ಮ ಸರದಿಗೆ ಲ್ಯಾಂಡುಗಳೂ ಮತ್ತೆ ನೆಟ್ಟಗಾಗಿರುತ್ತವೆ.

ಎಕ್ಸ್‌ಹ್ಯೂಮ್ ಟಾರ್ಗೆಟ್ ಕೇಳುವುದಿಲ್ಲ. ಕ್ರಿಪ್ಟ್ ಬಿದ್ದ ಮೇಲೂ ಸ್ಮಶಾನದಲ್ಲಿ ಹೊಸದಾಗಿ ಏನಾದರೂ ಬಿದ್ದಿದ್ದರೆ ಅದನ್ನು ಎಬ್ಬಿಸುತ್ತದೆ. ಆದರೆ ಎದುರಾಳಿಗೂ ತಮ್ಮ ಸ್ಮಶಾನದಿಂದ ಒಂದನ್ನು ಎಬ್ಬಿಸಲು ಬಿಡುತ್ತದೆ. ಅವರ ಗುಡ್ಡೆಯಲ್ಲಿ ಏನಿದೆ ಎಂದು ನೋಡದೆ ಆಡಬೇಡಿ. ಎಲ್ಲರ ಸ್ಮಶಾನವನ್ನೂ ಯಾರು ಬೇಕಾದರೂ ಯಾವಾಗ ಬೇಕಾದರೂ ನೋಡಬಹುದು, ನಾಚಿಕೆ ಬೇಡ.

ಎರಡನೆಯ ಆಟದಿಂದ ಸೋಲು

ಸೈಡ್‌ಬೋರ್ಡಿನ ಹದಿನೈದು ಕಾರ್ಡು ಒಳಗೆ ಬಂದಾಗ ಎದುರಾಗುವ ವಿಘ್ನಗಳಿಗೆಲ್ಲ ಒಂದೇ ಮದ್ದು ಇಲ್ಲ.

ರೆಸ್ಟ್ ಇನ್ ಪೀಸ್ ಎರಡು ಮಾನಾದ ಎನ್‌ಚಾಂಟ್‌ಮೆಂಟ್, ಅಂದರೆ ಮೇಜಿನ ಮೇಲೆ ಉಳಿದು ಕೆಲಸ ಮಾಡುವ ಮಂತ್ರ. ಬಂದಾಗ ಎಲ್ಲರ ಸ್ಮಶಾನ ಗುಡಿಸುತ್ತದೆ, ಆಮೇಲೆ ಸ್ಮಶಾನಕ್ಕೆ ಹೋಗುವುದೆಲ್ಲ ಎಕ್ಸೈಲ್‌ಗೆ ಹೋಗುತ್ತದೆ. ಲೇಲೈನ್ ಆಫ್ ದ ವಾಯ್ಡ್ ನಿಮ್ಮದನ್ನಷ್ಟೇ ಹಾಗೆ ಮಾಡುತ್ತದೆ, ಆದರೆ ಮೊದಲ ಕೈಯಲ್ಲೇ ಇದ್ದರೆ ಬೆಲೆಯಿಲ್ಲದೆ ಮೇಜಿಗೆ ಬಂದು ಕೂರುತ್ತದೆ. ನಾಲ್ಕು ಪ್ರತಿ ಹಾಕಿದವರ ಮೊದಲ ಏಳರಲ್ಲಿ ಅದು ಇರುವ ಸಾಧ್ಯತೆ ಮೇಲೆ ಹೇಳಿದ ಅದೇ ಶೇ 40. ಶುಕ್ರಾಚಾರ್ಯರು ಎಬ್ಬಿಸದಿರಲಿ ಎಂದು ಅಸುರರು ಕಚನನ್ನು ಸುಟ್ಟು ಬೂದಿಯನ್ನು ಮದ್ಯದಲ್ಲಿ ಬೆರೆಸಿ ಅವರಿಗೇ ಕುಡಿಸಿದರಲ್ಲ, ಈ ಎರಡು ಕಾರ್ಡುಗಳ ಉಪಾಯವೂ ಅದೇ: ಎಬ್ಬಿಸುವವನ ಮೇಲೆ ಕೈ ಮಾಡದೆ ಹೆಣವನ್ನೇ ಇಲ್ಲವಾಗಿಸುವುದು. ಕಚ ಹಾಗಿದ್ದರೂ ಎದ್ದು ಬಂದ. ನಮ್ಮ ರೀಆನಿಮೇಟ್‌ಗೆ ಅಷ್ಟು ತಪಸ್ಸಿಲ್ಲ. ಕಪ್ಪು ಕೆಂಪು ಡೆಕ್ಕಿಗೆ ಎನ್‌ಚಾಂಟ್‌ಮೆಂಟ್ ಒಡೆಯುವುದು ಹುಟ್ಟು ದೌರ್ಬಲ್ಯ. 2020ರಲ್ಲಿ ಬಂದ ಫೀಡ್ ದ ಸ್ವಾರ್ಮ್ ಕಪ್ಪಿಗೆ ಆ ಬಾಗಿಲನ್ನು ತೆರೆಯಿತು, ಒಡೆದ ಕಾರ್ಡಿನ ಬೆಲೆಯಷ್ಟು ಆಯಸ್ಸು ತೆರಬೇಕು. ಹಸಿರು ಸೇರಿಸಿದವರಿಗೆ ನೇಚರ್ಸ್ ಕ್ಲೇಮ್ ಒಂದೇ ಮಾನಾ. ಒ‌ಡೆದ ಮೇಲೂ ಆಗಲೇ ಎಕ್ಸೈಲ್ ಆದದ್ದು ಹಿಂದಿರುಗುವುದಿಲ್ಲ, ಆದ್ದರಿಂದ ಒಡೆಯುವವರೆಗೆ ಹೆಣ ಎಸೆಯಬೇಡಿ.

ಗ್ರಾಫ್‌ಡಿಗರ್ಸ್ ಕೇಜ್ ಬಾಗಿಲಿಗೆ ಬೀಗ ಹಾಕುತ್ತದೆ: ಸ್ಮಶಾನದ ಜೀವಿಗಳು ಮೇಜಿಗೆ ಬರುವಂತಿಲ್ಲ, ಅಲ್ಲಿಂದ ಮಂತ್ರ ಆಡುವಂತಿಲ್ಲ. ಹೆಣ ಅಲ್ಲೇ ಇರುತ್ತದೆ. ಕೇಜ್ ಒಡೆದರೆ ಎಲ್ಲ ಮೊದಲಿನಂತೆ, ಕೆಂಪಿಗೆ ಅದು ಸುಲಭ. ಮರೆತು ಕೇಜ್ ಇದ್ದಾಗಲೇ ರೀಆನಿಮೇಟ್ ಆಡಿದರೆ ಜೀವಿ ಏಳುವುದಿಲ್ಲ, ಆಯಸ್ಸು ಮಾತ್ರ ಹೋಗುತ್ತದೆ. ಸರ್ಜಿಕಲ್ ಎಕ್ಸ್‌ಟ್ರ್ಯಾಕ್ಷನ್ ಒಂದು ಹೆಸರಿನ ಎಲ್ಲ ಪ್ರತಿಗಳನ್ನೂ ಹುಡುಕಿ ಎಕ್ಸೈಲ್ ಮಾಡುತ್ತದೆ. ಅದಕ್ಕೆ ಮದ್ದು ಏಳು ಹೆಣಗಳನ್ನು ಮೂರು ನಾಲ್ಕು ಹೆಸರುಗಳಲ್ಲಿ ಹಂಚುವುದು.

ಈ ಹಂತದಲ್ಲಿ ಬಹಳ ಜನ ಮಾಡುವ ತಪ್ಪು ಹತ್ತು ಪರಿಹಾರ ಕಾರ್ಡುಗಳನ್ನು ಒಳಗೆ ತಂದು ಯಂತ್ರದ ಹತ್ತು ಭಾಗಗಳನ್ನು ಹೊರಗಿಡುವುದು. ಆಗ ವಿಘ್ನ ಬಾರದಿದ್ದರೂ ಡೆಕ್ ಏಳುವುದಿಲ್ಲ. ನಾನು ನಾಲ್ಕಕ್ಕಿಂತ ಹೆಚ್ಚು ಬದಲಿಸುವುದಿಲ್ಲ. ಹೊರಗೆ ಹೋಗುವವು ಉಳಿದ ಎಂಟು ಜಾಗದಿಂದಲೇ, ಇಳಿಸುವ ಎಂಟು ಮತ್ತು ಎಬ್ಬಿಸುವ ಹನ್ನೆರಡನ್ನು ಮುಟ್ಟುವುದಿಲ್ಲ.

ಚಿಲ್ಲರೆ ದೋಷಗಳು

ಅನಿಮೇಟ್ ಡೆಡ್ ಮೇಜಿನ ಮೇಲೆ ಉಳಿಯುವ ಕಾರ್ಡು. ಯಾರಾದರೂ ಅದನ್ನು ಒಡೆದರೆ ಎದ್ದ ಜೀವಿಯನ್ನು ಬಲಿಕೊಡಬೇಕು. ಫ್ಲ್ಯಾಶ್‌ಬ್ಯಾಕ್‌ನಲ್ಲಿ ಆಡಿದ ಲೂಟಿಂಗ್ ಎಕ್ಸೈಲ್‌ಗೆ ಹೋಗುತ್ತದೆ, ಸ್ಮಶಾನಕ್ಕಲ್ಲ. ಸಲೀಸಾಗಿ ಗುಡ್ಡೆಗೆ ಮರಳಿ ಹಾಕಿಬಿಡುತ್ತೇವೆ.

ಕಲಸುವುದರಲ್ಲಿ ನಮ್ಮ ಡೆಕ್ಕಿಗೇ ವಿಶೇಷವಾದ ತೊಂದರೆಯೊಂದಿದೆ. ಆಟ ಮುಗಿದಾಗ ಸ್ಮಶಾನದ ಗುಡ್ಡೆಯಲ್ಲಿ ಎಂಟೂಮ್, ಲೂಟಿಂಗ್, ಹೆಣಗಳು ಒಟ್ಟಿಗೆ ಅಂಟಿಕೊಂಡಿರುತ್ತವೆ. ಎರಡು ಸಲ ಕಲಸಿ ಕೊಟ್ಟರೆ ಅವು ಮುಂದಿನ ಆಟಕ್ಕೂ ಗೊಂಚಲಾಗಿಯೇ ಬರುತ್ತವೆ. 52 ಇಸ್ಪೀಟೆಲೆಗಳಿಗೆ ಸುಮಾರು ಏಳು ರಿಫಲ್ (ಕಟ್ಟನ್ನು ಎರಡು ಮಾಡಿ ಒಂದರೊಳಗೊಂದು ಹೆಣೆಯುವ ಕಲಸು) ಬೇಕು ಎಂದು ಬೇಯರ್ ಮತ್ತು ಡಯಾಕೋನಿಸ್ 1992ರಲ್ಲಿ ತೋರಿಸಿದರು. ಅರವತ್ತಕ್ಕೆ ಅದಕ್ಕಿಂತ ಕಡಿಮೆ ಸಾಕಾಗಲಾರದು.

ಬೆಂಗಳೂರಿನ ಮಳೆಗಾಲದಲ್ಲಿ ಹೊಳೆಯುವ ಫಾಯಿಲ್ ಕಾರ್ಡುಗಳು ಹಪ್ಪಳದಂತೆ ಬಾಗುತ್ತವೆ. ಬಾಗಿದ ಕಾರ್ಡನ್ನು ಸ್ಲೀವ್ ಒಳಗಿದ್ದರೂ ಲೈಬ್ರರಿಯಲ್ಲಿ ಬೆರಳಿನಿಂದಲೇ ಗುರುತಿಸಬಹುದು, ಟೂರ್ನಿಯಲ್ಲಿ ಅದು ಗುರುತು ಮಾಡಿದ ಕಾರ್ಡು ಎನಿಸಿಕೊಳ್ಳುತ್ತದೆ. ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ, ಹೆಣಗಳನ್ನಾದರೂ ಫಾಯಿಲ್ ಅಲ್ಲದ್ದು ಕೊಳ್ಳಿ.

ಕಮಾಂಡರ್ ಮಾದರಿಯವರಿಗೆ ನೂರು ಕಾರ್ಡು, ಬೇಸಿಕ್ ಲ್ಯಾಂಡ್ ಬಿಟ್ಟು ಪ್ರತಿಯೊಂದೂ ಒಂದೇ ಪ್ರತಿ, ಆಯಸ್ಸು ನಲವತ್ತು. ರೀಆನಿಮೇಟ್‌ನ ಬೆಲೆ ಅಲ್ಲಿ ಹಗುರ. ಆದರೆ ಬೊಜುಕಾ ಬಾಗ್ ಎಂಬ ಲ್ಯಾಂಡ್ ಮೇಜಿಗೆ ಬಂದಾಗಲೇ ಒಬ್ಬರ ಸ್ಮಶಾನ ಗುಡಿಸುತ್ತದೆ. ಲ್ಯಾಂಡ್ ಇಡುವುದನ್ನು ಮಂತ್ರಗಳಂತೆ ಕೌಂಟರ್ ಮಾಡಿ ತಡೆಯಲಾಗುವುದಿಲ್ಲ. ಮೂವರು ಎದುರಾಳಿಗಳಲ್ಲಿ ಒಬ್ಬರ ಬಳಿ ಅದು ಇದೆ ಎಂದೇ ಎಣಿಸಿ ಗುಡ್ಡೆಯನ್ನು ಬೆಳೆಸುತ್ತಾ ಕೂರದೆ ಬೇಗ ಎಬ್ಬಿಸಿ.

ನಾಲ್ಕನೆಯ ಅಂಕಣ

ಇಷ್ಟೆಲ್ಲ ಸರಿಪಡಿಸಿದ ಮೇಲೆ ಒಂದು ಶನಿವಾರ ನನ್ನ ಕೈ ಹೇಳಿ ಮಾಡಿಸಿದಂತಿತ್ತು. ನಾನು ಎರಡನೆಯವನಾಗಿ ಆಡುತ್ತಿದ್ದೆ. ಹುಡುಗ ಕಲಿಸಿದ ಉಪಾಯದಂತೆ ಲ್ಯಾಂಡ್ ಇಡದೆ ಎಂಟು ಕಾರ್ಡಿನಲ್ಲಿ ಸರದಿ ಮುಗಿಸಿ ಗ್ರಿಸೆಲ್‌ಬ್ರ್ಯಾಂಡನ್ನು ಗುಡ್ಡೆಗೆ ಎಸೆದೆ. ಎದುರಿಗೆ ಕ್ರಿಪ್ಟ್ ಇಲ್ಲ, ಲೇಲೈನ್ ಇಲ್ಲ, ಕೇಜ್ ಇಲ್ಲ. ಮುಂದಿನ ಸರದಿಗೆ ಲ್ಯಾಂಡೂ ರೀಆನಿಮೇಟೂ ಕೈಯಲ್ಲಿ ಸಿದ್ಧವಾಗಿದ್ದವು. ಎದುರು ಕೂತವರು ಒಂದು ಕಾರ್ಡು ಎಳೆದರು, ನನ್ನ ಸ್ಮಶಾನದ ಕಡೆಗೆ ಕತ್ತು ಚಾಚಿ ನೋಡಿದರು, ಒಂದು ಕಪ್ಪು ಲ್ಯಾಂಡ್ ತಿರುಗಿಸಿದರು.

ಅವರದೂ ಸ್ಮಶಾನದ ಡೆಕ್. ಅವರು ಆಡಿದ್ದೂ ರೀಆನಿಮೇಟೇ. ಕಾರ್ಡಿನಲ್ಲಿ ಯಾವುದಾದರೂ ಸ್ಮಶಾನ ಎಂದು ಬರೆದಿದೆ. ನನ್ನ ಗ್ರಿಸೆಲ್‌ಬ್ರ್ಯಾಂಡ್ ಎದ್ದು ಅವರ ಕಡೆ ಹೋಗಿ ನಿಂತಿತು, ಏಳು ಕಾರ್ಡು ಎಳೆದುಕೊಟ್ಟಿತು, ಮುಂದಿನ ಸರದಿಯಿಂದ ನನ್ನನ್ನೇ ಏಳೇಳರಂತೆ ತಿನ್ನತೊಡಗಿತು.

ಮನೆಗೆ ಬಂದು ನೋಟುಪುಸ್ತಕದಲ್ಲಿ ನಾಲ್ಕನೆಯ ಅಂಕಣ ಎಳೆದೆ. "ಎದುರಿನವರ ಬಳಿ ಎಬ್ಬಿಸುವ ಕಾರ್ಡು ಇದೆಯೇ" ಎಂದು ಬರೆದು ಕೆಳಗೆ ಮೊದಲ ಗೀಟು ಹಾಕಿದೆ. ಅಂಥವರ ಎದುರು ಈಗ ಹೆಣವನ್ನು ಒಂದು ಸರದಿ ಮೊದಲೇ ಇಳಿಸುವುದಿಲ್ಲ, ಇಳಿಸಿದ ಸರದಿಯಲ್ಲೇ ಎಬ್ಬಿಸುತ್ತೇನೆ.